ಕೆಸರಿನಿಂದ ಏನು ಪ್ರಯೋಜನ?

ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬದ ಆಸುಪಾಸಿನಲ್ಲಿ ನಮ್ಮ ನಾಡಿನ ಎಷ್ಟೋ ಕ್ರೈಸ್ತ ಕುಟುಂಬಗಳು ಹಳೆ ಗೋವಾಕ್ಕೆ ಯಾತ್ರೆ ಹೋಗುತ್ತವೆ. ಬೊಂ ಜೀಸಸ್ ಬಸಿಲಿಕಾದಲ್ಲಿ ಸಂತರ ಪವಿತ್ರ ಅವಶೇಷಕ್ಕೆ ನಮಿಸಿ, ಬಲಿಪೂಜೆಯಲ್ಲಿ ಭಾಗವಹಿಸಿ, ಸಮುದ್ರ ತೀರ ನೋಡಿಕೊಂಡು ಊರಿಗೆ ಮರಳುತ್ತವೆ. ಪಣಜಿಯಿಂದ ಹಳೆ ಗೋವಾಕ್ಕೆ ಹೋಗುವ ಹಳೆಯ ದಾರಿಯಲ್ಲಿ ರಿಬಂದರ್ ಸಿಗುತ್ತದೆ. ಅಲ್ಲಿಂದ ಫೆರಿಯಲ್ಲಿ ಮಾಂಡವಿ ನದಿ ದಾಟಿದರೆ ಚೊರಾಂವ್ ದ್ವೀಪ. ಅದರ ಪಶ್ಚಿಮದ ತುದಿಯಲ್ಲಿ, ಪಕ್ಷಿತಜ್ಞ ಡಾ. ಸಲೀಂ ಅಲಿಯವರ ಹೆಸರಿನ ಪಕ್ಷಿಧಾಮವಿದೆ. 1988ರಲ್ಲಿ ಘೋಷಿತವಾದ ಈ ಧಾಮದ ವಿಸ್ತೀರ್ಣ ಎರಡು ಚದರ ಕಿಲೋಮೀಟರಿಗೂ ಕಡಿಮೆ.

ಮೊದಲ ನೋಟಕ್ಕೆ ಅಲ್ಲಿ ಕಾಣುವುದು ಕೆಸರು ಮತ್ತು ಕಾಂಡ್ಲಾ ಗಿಡಗಳು ಮಾತ್ರ. ದಿನಕ್ಕೆ ಎರಡು ಬಾರಿ ಉಬ್ಬರದ ನೀರು ಏರಿ ಎಲ್ಲವನ್ನೂ ಮುಚ್ಚುತ್ತದೆ, ಎರಡು ಬಾರಿ ಇಳಿಯುತ್ತದೆ. ನೀರಿಳಿದಾಗ ಮಕ್ಕಳು ಮೂಗು ಮುಚ್ಚಿಕೊಂಡರೆ ಆಶ್ಚರ್ಯವಿಲ್ಲ. "ಇದರಿಂದ ಏನು ಪ್ರಯೋಜನ?" ಎಂದು ದೊಡ್ಡವರೂ ಕೇಳಿಯಾರು.

ಪ್ರಯೋಜನ ಹೇಳುವುದು ಕಷ್ಟವೇನಲ್ಲ. ಉಪ್ಪುನೀರಿನಲ್ಲಿ ನಿಂತ ಈ ಗಿಡಗಳಲ್ಲಿ ಕೆಲವು ಎಲೆಯ ಮೂಲಕ ಉಪ್ಪನ್ನು ಹೊರಹಾಕುತ್ತವೆ. ಗಾಳಿಯಿಲ್ಲದ ಕೆಸರಿನಿಂದ ಬೇರನ್ನು ಮೇಲಕ್ಕೆ ಚಾಚಿ ಉಸಿರಾಡುತ್ತವೆ. ಆ ಬೇರುಗಳ ನಡುವೆ ಮೀನು, ಸಿಗಡಿಗಳ ಮರಿಗಳು ಬೆಳೆಯುತ್ತವೆ. ಅಲೆಯ ಹೊಡೆತಕ್ಕೆ ಮಣ್ಣು ಕೊಚ್ಚಿಹೋಗದಂತೆ ಈ ಗಿಡಗಳು ತಡೆಯುತ್ತವೆ. ಚಳಿಗಾಲದಲ್ಲಿ ಬಹುದೂರದಿಂದ ಬರುವ ವಲಸೆ ಹಕ್ಕಿಗಳಿಗೆ ಈ ಕೆಸರೇ ಊಟದ ಮನೆ.

ಆದರೆ ಪ್ರಿಯ ಓದುಗರೇ, ಈ ಉತ್ತರ ಸಾಕೇ? ಪ್ರಯೋಜನವಿದೆ ಎಂಬ ಒಂದೇ ಕಾರಣಕ್ಕೆ ಉಳಿಸುವುದಾದರೆ, ಅದಕ್ಕಿಂತ ಹೆಚ್ಚು ಲಾಭ ತರುವ ಯೋಜನೆ ಬಂದ ದಿನ ಮಣ್ಣು ತುಂಬಿ ಮುಚ್ಚಲೂ ನಾವು ಹಿಂಜರಿಯುವುದಿಲ್ಲ. ಆದಿಕಾಂಡವು ನಮಗೆ ಬೇರೆಯ ದಾರಿ ತೋರಿಸುತ್ತದೆ. ಐದನೆಯ ದಿನ ದೇವರು ಜಲಚರಗಳನ್ನೂ ಪಕ್ಷಿಗಳನ್ನೂ ಸೃಷ್ಟಿಸಿ, ಅವು ಒಳ್ಳೆಯವೆಂದು ಕಂಡರು. ಆಗ ಮನುಷ್ಯ ಇನ್ನೂ ಇರಲಿಲ್ಲ! ನಮ್ಮ ಉಪಯೋಗಕ್ಕೆ ಬರುವ ಮುನ್ನವೇ ಅವು ಒಳ್ಳೆಯವಾಗಿದ್ದವು. ಪೋಪ್ ಫ್ರಾನ್ಸಿಸ್ ಅವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ, ಪ್ರತಿಯೊಂದು ಜೀವಿಗೂ ದೇವರ ದೃಷ್ಟಿಯಲ್ಲಿ ತನ್ನದೇ ಆದ ಬೆಲೆಯಿದೆ ಎಂದು ಬೋಧಿಸಿದರು.

ಹಾಗೆಂದರೆ ಬಡವರು ಇವುಗಳನ್ನು ಮುಟ್ಟಲೇಬಾರದೆಂದೇ? ಅಲ್ಲ. ರಾಮ್ಸಾರ್ ಪಟ್ಟಿಗೆ ಸೇರಿದ ನಮ್ಮ ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ ಬಳಚು ಹೆಕ್ಕಿ ಬದುಕುವ ಕುಟುಂಬಗಳಿವೆ. ತೋಟವನ್ನು ಕೃಷಿಮಾಡುವುದಕ್ಕೂ ಕಾಯುವುದಕ್ಕೂ ದೇವರು ಮನುಷ್ಯನನ್ನು ನೇಮಿಸಿದರು. ಹಸಿದವನು ಕೈಚಾಚಿ ತೆಗೆದುಕೊಳ್ಳುವುದು ಬೇರೆ, ಎಲ್ಲವೂ ತನ್ನದೇ ಎಂದು ಬೇರುಸಹಿತ ಕೀಳುವುದು ಬೇರೆ.

ಈ ಪ್ರಶ್ನೆ ಕೆಸರಿನ ಅಂಚಿನಲ್ಲಿಯೇ ನಿಲ್ಲುವುದಿಲ್ಲ, ನಮ್ಮ ಮನೆಯ ಹೊಸ್ತಿಲನ್ನೂ ದಾಟಿ ಬರುತ್ತದೆ. ಹಾಸಿಗೆ ಹಿಡಿದ ಅಜ್ಜಿ, ಹೇಳಿದ್ದನ್ನೇ ಹೇಳುವ ಅಜ್ಜ, ಎಂದೂ ಸಂಪಾದಿಸಲಾರದ ವಿಕಲಚೇತನ ಮಗು – ಇವರಿಂದ ಏನು ಪ್ರಯೋಜನ ಎಂದು ಬಾಯಿಬಿಟ್ಟು ಕೇಳುವಷ್ಟು ಕ್ರೂರಿಗಳು ನಾವಲ್ಲ. ಆದರೂ ಅವರ ಮಂಚವನ್ನು ಹಿಂದಿನ ಕೋಣೆಗೆ ಸರಿಸುವಾಗ, ಅವರ ಮಾತನ್ನು ಅರ್ಧಕ್ಕೆ ತಡೆಯುವಾಗ ನಾವು ಕೇಳುತ್ತಿರುವುದು ಅದನ್ನೇ ಅಲ್ಲವೇ? "ಅಜ್ಜಿ ಮನೆ ಕಾಯುತ್ತಾರೆ, ಇರಲಿ" ಎಂಬ ಮಾತಿನಲ್ಲಿಯೂ ಲೆಕ್ಕಾಚಾರವಿದೆ. ಅವರಿಂದ ಕಾಯಲೂ ಆಗದ ದಿನ ಬಂದರೆ?

ಫೆಬ್ರವರಿ 2 ವಿಶ್ವ ಜೌಗುಭೂಮಿ ದಿನ. 1971ರಲ್ಲಿ ಅದೇ ದಿನ ರಾಮ್ಸಾರ್ ಒಪ್ಪಂದವಾಯಿತು. ಧರ್ಮಸಭೆಗೆ ಅಂದು ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬ. ಅಂದು ಪ್ರಭುವನ್ನು ಗುರುತಿಸಿದವರು ಯಾರು? ಕಾದು ಕುಳಿತಿದ್ದ ಸಿಮೆಯೋನ ಮತ್ತು ಮುಪ್ಪಿನ ವಿಧವೆ ಅನ್ನ. ಲೋಕದ ಲೆಕ್ಕದಲ್ಲಿ ಅವರಿಬ್ಬರೂ ಕೆಲಸಕ್ಕೆ ಬಾರದವರು!

ಮುಂದಿನ ಯಾತ್ರೆಯಲ್ಲಿ ಮಕ್ಕಳೊಂದಿಗೆ ಒಂದು ಗಂಟೆ ಅಂತಹ ಜೌಗಿನ ಬಳಿ ಕಳೆಯೋಣ. ಕೂಗಾಡದೆ, ಏನನ್ನೂ ಕೀಳದೆ, ಏನನ್ನೂ ಎಸೆಯದೆ, ಅತಿಥಿಗಳಂತೆ ನಿಲ್ಲೋಣ. ಲಾಭವಿಲ್ಲದಿದ್ದರೂ ಒಂದನ್ನು ಒಳ್ಳೆಯದೆಂದು ಕಾಣುವುದನ್ನು ಮಕ್ಕಳು ಅಲ್ಲಿ ಕಲಿತರೆ, ನಾಳೆ ನಮ್ಮ ಮುಪ್ಪಿನಲ್ಲಿ ನಮ್ಮನ್ನೂ ಹಾಗೆಯೇ ಕಂಡಾರು.