ಮಳೆಗಾಲದ ಕತ್ತಲು ಮತ್ತು ಅಭಾವದ ಅರಿವು

ಇರುವ ವಸ್ತುವನ್ನು ಕಣ್ಣು ಕಿವಿಗಳಿಂದ ಅರಿಯಬಹುದಾದರೆ, ಇಲ್ಲದ ವಸ್ತುವಿನ ‘ಇಲ್ಲ’ ಎಂಬ ಅರಿವು ಯಾವುದರಿಂದ ಹುಟ್ಟುತ್ತದೆ ಎಂಬುದನ್ನು ಭಾರತೀಯ ದಾರ್ಶನಿಕರು ಶತಮಾನಗಳ ಕಾಲ ಚರ್ಚಿಸಿದ್ದಾರೆ. ನೆಲದ ಮೇಲೆ ಗಡಿಗೆ ಇಲ್ಲವೆಂಬುದು ಅವರ ಪ್ರಸಿದ್ಧ ಉದಾಹರಣೆ. ಬರಿಯ ನೆಲವನ್ನು ಕಾಣುವ ಕಣ್ಣೇ ಗಡಿಗೆಯ ಅಭಾವವನ್ನೂ ಗ್ರಹಿಸುತ್ತದೆಂದು ನೈಯಾಯಿಕರು, ಅಂದರೆ ನ್ಯಾಯದರ್ಶನದವರು, ವಾದಿಸಿದರೆ, ಇಲ್ಲದುದರೊಡನೆ ಇಂದ್ರಿಯಕ್ಕೆ ಸಂಬಂಧವೇ ಏರ್ಪಡದಾದ್ದರಿಂದ ಅದಕ್ಕೆ ಬೇರೆಯೇ ಪ್ರಮಾಣ, ಅಂದರೆ ಅರಿವಿನ ಸಾಧನ, ಬೇಕೆಂದು ಕುಮಾರಿಲಭಟ್ಟನ ಪರಂಪರೆಯ ಮೀಮಾಂಸಕರೂ ಅದ್ವೈತಿಗಳೂ ಹೇಳಿ, ಅದನ್ನು ಅನುಪಲಬ್ಧಿ ಎಂದು ಕರೆದು ಆರನೆಯ ಪ್ರಮಾಣವಾಗಿ ಎಣಿಸಿದರು. ಈ ಚರ್ಚೆ ವಾಕ್ಯಾರ್ಥಸಭೆಗಳಿಗಷ್ಟೇ ಸಲ್ಲುವ ಸೂಕ್ಷ್ಮವೆಂದು ತೋರಬಹುದು. ಆದರೆ ಮಲೆನಾಡಿನಲ್ಲಿ ಗಾಳಿಮಳೆಗೆ ಕರೆಂಟ್ ಹೋದಾಗ ಅದು ಹೋಗಿದೆಯೆಂಬುದು ಯಾರಿಗೆ ಹೇಗೆ ತಿಳಿಯುತ್ತದೆ, ತಿಳಿದವರಿಗೆ ತಿಳಿಸುವ ಹೊಣೆ ಎಷ್ಟರಮಟ್ಟಿಗೆ ಇದೆ ಎಂದು ವಿಚಾರಿಸುವವರಿಗೆ ಈ ಹಳೆಯ ತರ್ಕ ಇಂದಿಗೂ ಕೆಲಸಕ್ಕೆ ಬರುತ್ತದೆ.

ವಿದ್ಯುತ್ ಉಪಕೇಂದ್ರದಿಂದ ಹೊರಡುವ 11 ಕೆ.ವಿ. ಮಾರ್ಗಗಳು, ಅಂದರೆ ಫೀಡರ್‌ಗಳು, ಊರೂರಿನ ಪರಿವರ್ತಕಗಳನ್ನು ತಲುಪುತ್ತವೆ; ಜನ ಟಿಸಿ ಎಂದು ಕರೆಯುವ ಈ ಪರಿವರ್ತಕಗಳಿಂದ ಮುಂದೆ ಕಡಿಮೆ ಒತ್ತಡದ ತಂತಿಗಳು ಮನೆಗಳಿಗೆ ಹೋಗುತ್ತವೆ. ಮರ ಉರುಳಿ ಫೀಡರಿನ ತಂತಿಗಳು ಒಂದಕ್ಕೊಂದು ತಗುಲಿದರೆ ಉಪಕೇಂದ್ರದ ಬ್ರೇಕರ್ ತಾನಾಗಿ ಬಿಟ್ಟುಕೊಳ್ಳುವುದರಿಂದ ಅಲ್ಲಿನ ಸಿಬ್ಬಂದಿಗೆ ಕೂಡಲೇ ತಿಳಿಯುತ್ತದೆ. ಆದರೆ ಒಂದು ಟಿಸಿಯ ಫ್ಯೂಸ್ ಹೋದರೆ, ಅಥವಾ ಅದರಾಚೆ ಒಂದು ಅಡಿಕೆಮರ ಬಿದ್ದು ನಾಲ್ಕು ಮನೆಗಳ ತಂತಿ ಕಡಿದರೆ, ಉಪಕೇಂದ್ರದ ಮಾಪಕಗಳಲ್ಲಿ ಸಾಮಾನ್ಯವಾಗಿ ಅದರ ಗುರುತೇ ಕಾಣುವುದಿಲ್ಲ. ಆ ಕತ್ತಲು ಕಚೇರಿಗೆ ತಿಳಿಯಬೇಕಾದರೆ ಆ ಮನೆಗಳವರಲ್ಲಿ ಒಬ್ಬರು ವಿದ್ಯುತ್ ದೂರಿನ ಸಹಾಯವಾಣಿ 1912ಕ್ಕೋ ಶಾಖಾ ಕಚೇರಿಗೋ ಕರೆ ಮಾಡಲೇಬೇಕು.

ಅನುಪಲಬ್ಧಿಯನ್ನು ಒಪ್ಪಿದವರು ಅದಕ್ಕೆ ಹಾಕಿದ ಕಟ್ಟಳೆ ಇಲ್ಲಿ ತುಂಬ ಮುಖ್ಯವಾಗುತ್ತದೆ. ಕಾಣಲಿಲ್ಲವೆಂದ ಮಾತ್ರಕ್ಕೆ ಇಲ್ಲವೆನ್ನಲಾಗದು. ವಸ್ತು ಅಲ್ಲಿ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂಥ ಸ್ಥಿತಿ ಇರಬೇಕು, ಇದಕ್ಕೆ ಯೋಗ್ಯತೆ ಎಂದು ಹೆಸರು. ಬೆಳಕಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗುವುದಿಲ್ಲ. ದೂರು ಬಾರದ ಊರಿನಲ್ಲಿ ತೊಂದರೆಯಿಲ್ಲವೆಂದು ಭಾವಿಸುವ ಆಡಳಿತ ಈ ಯೋಗ್ಯತೆಯನ್ನು ಪರೀಕ್ಷಿಸದೆ ಅಭಾವವನ್ನು ನಿರ್ಣಯಿಸುತ್ತದೆ. ಬಿರುಗಾಳಿ ಹೆಚ್ಚು ಕೆಡವಿದ ಕಡೆಯಲ್ಲೇ ಮೊಬೈಲ್ ಗೋಪುರದ ಬ್ಯಾಟರಿ ಬರಿದಾಗಿರುತ್ತದೆ, ಕೈಯಲ್ಲಿರುವ ಫೋನಿಗೂ ಚಾರ್ಜ್ ಇರುವುದಿಲ್ಲ, ರಸ್ತೆಗೆ ಮರ ಬಿದ್ದು ಪೇಟೆಗೆ ಹೋಗಿ ಹೇಳುವ ದಾರಿಯೂ ಮುಚ್ಚಿರುತ್ತದೆ; ಆದ್ದರಿಂದ ಮಳೆಗಾಲದಲ್ಲಿ ಅತ್ಯಂತ ಮೌನವಾಗಿರುವ ಹಳ್ಳಿಯ ವಿಷಯದಲ್ಲೇ ಅತ್ಯಂತ ಹೆಚ್ಚು ಸಂದೇಹ ಪಡಬೇಕಾಗುತ್ತದೆ. ಪ್ರತಿಯೋಗಿಯ ಜ್ಞಾನವಿಲ್ಲದೆ, ಎಂದರೆ ಯಾವುದು ಇಲ್ಲವೋ ಅದರ ಅರಿವಿಲ್ಲದೆ, ಅಭಾವದ ಜ್ಞಾನ ಹುಟ್ಟದು ಎಂಬ ಮಾತೂ ನೆನಪಿಡತಕ್ಕದ್ದು: ಮಳೆಗಾಲವೆಂದರೆ ಕರೆಂಟ್ ಇಲ್ಲದಿರುವುದೇ ಎಂದು ಒಗ್ಗಿಹೋದವರು ದೂರು ಕೊಡುವುದನ್ನೇ ಬಿಟ್ಟಿರುತ್ತಾರೆ, ಮತ್ತು ಆ ಒಗ್ಗುವಿಕೆಯನ್ನು ತೃಪ್ತಿಯೆಂದು ಎಣಿಸುವುದು ದೊಡ್ಡ ಅನ್ಯಾಯ.

ಕತ್ತಲಿನಿಂದ ಅದರ ಕಾರಣಕ್ಕೆ ಹೋಗುವುದು ಅನುಮಾನದ, ಅಂದರೆ ಗುರುತಿನಿಂದ ಊಹಿಸಿ ಅರಿಯುವ, ಕೆಲಸ. ನ್ಯಾಯಶಾಸ್ತ್ರದಲ್ಲಿ ಅನುಮಾನದ ಹಳೆಯ ಉದಾಹರಣೆಗಳಲ್ಲಿ ಕೆಲವು ಮಳೆಯವೇ ಎಂಬುದು ಗಮನಾರ್ಹ: ಏರಿಬರುವ ಮೋಡದಿಂದ ಮುಂದಿನ ಮಳೆಯನ್ನೂ, ಉಕ್ಕಿದ ಹೊಳೆಯಿಂದ ಮೇಲೆಲ್ಲೋ ಸುರಿದ ಮಳೆಯನ್ನೂ ಊಹಿಸಬಹುದೆಂದು ವಾತ್ಸ್ಯಾಯನನು ಗೌತಮನ ನ್ಯಾಯಸೂತ್ರಗಳ ಭಾಷ್ಯದಲ್ಲಿ ವಿವರಿಸುತ್ತಾನೆ. ಹೊಳೆಗೆ ಅಡ್ಡಲಾಗಿ ತಡೆಯಿದ್ದರೂ ನೀರು ಏರುತ್ತದಲ್ಲವೇ ಎಂಬ ಆಕ್ಷೇಪವನ್ನು ಅದೇ ಗ್ರಂಥ ಎತ್ತಿಕೊಂಡು, ಬರಿಯ ಏರಿಕೆ ಸಾಲದು, ಸೆಳೆತ, ನೊರೆ, ತೇಲಿಬರುವ ಎಲೆ ಮರಗಳು ಕೂಡಿದ ಏರಿಕೆಯೇ ಹೇತು, ಅಂದರೆ ಅನುಮಾನಕ್ಕೆ ಆಧಾರವಾದ ಗುರುತು, ಎಂದು ಉತ್ತರಿಸುತ್ತದೆ. ಮನೆಯಲ್ಲಿ ದೀಪ ಆರಿದ್ದಕ್ಕೆ ಆ ಮನೆಯ ಫ್ಯೂಸ್ ಕಾರಣವಿರಬಹುದು, ದುರಸ್ತಿಗಾಗಿ ಮಾರ್ಗವನ್ನೇ ನಿಲ್ಲಿಸಿರಬಹುದು, ಸಿಡಿಲು ಬಡಿದಿರಬಹುದು. ಪಕ್ಕದ ಮನೆಯಲ್ಲಿ ದೀಪವಿದೆಯೇ, ಟಿಸಿಯ ಕಡೆ ಸದ್ದಾಯಿತೇ, ಯಾವ ಕಂಬದ ಬಳಿ ಕೊಂಬೆ ತಂತಿಗೆ ಒರಗಿದೆ ಎಂಬ ವಿವರಗಳಿಂದಲೇ ದೂರು ಹೇತುವಿನ ಬಲ ಪಡೆಯುತ್ತದೆ. ಅವಿದ್ದರೆ ಸುರಿಮಳೆಯಲ್ಲಿ ಲೈನ್‌ಮ್ಯಾನ್ ಮೈಲುಗಟ್ಟಲೆ ಕಾಡಿನ ತಂತಿಯನ್ನು ಕಂಬಕಂಬಕ್ಕೂ ನೋಡುತ್ತ ನಡೆಯುವುದು ತಪ್ಪುತ್ತದೆ.

ಹೀಗೆ ತಿಳಿಸುವವರು ಶಾಸ್ತ್ರದ ಪರಿಭಾಷೆಯಲ್ಲಿ ಆಪ್ತರು, ಅಂದರೆ ನಂಬತಕ್ಕ ಮಾತಿನವರು. ವಸ್ತುವನ್ನು ಸ್ವತಃ ಕಂಡಿರುವುದು ಮತ್ತು ಕಂಡಂತೆಯೇ ತಿಳಿಸಬೇಕೆಂಬ ಬಯಕೆ, ಇವೇ ವಾತ್ಸ್ಯಾಯನನು ಹೇಳುವ ಆಪ್ತಲಕ್ಷಣ. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಅದು ಸಮಾನವೆಂದು ಅವನು ಸೇರಿಸಿರುವುದು ಬಹಳ ಉದಾರವಾದ ಮಾತು. ತೋಟದ ಕೂಲಿಯವಳು ತಾನು ಕಂಡುದನ್ನು ಹೇಳಿದರೆ, ಕಾಣದ ಎಸ್ಟೇಟ್ ಮಾಲೀಕನ ಮಾತಿಗಿಂತ ಅದಕ್ಕೇ ಪ್ರಾಮಾಣ್ಯ ಹೆಚ್ಚು. ಬೇಗ ಬರಲೆಂದು ಬೀಳದ ಕಂಬವನ್ನು ಬಿದ್ದಿದೆಯೆಂದು ಹೇಳುವವರು ಈ ಲಕ್ಷಣದ ಎರಡನೆಯ ಅಂಶವನ್ನು ಕಳೆದುಕೊಂಡು, ಇನ್ನೊಂದು ಊರಿನ ನಿಜವಾದ ದೂರನ್ನು ಹಿಂದಕ್ಕೆ ತಳ್ಳುತ್ತಾರೆ.

ಕೇಳಿದ ಮಾತನ್ನು ಕಚೇರಿ ಹೇಗೆ ಸ್ವೀಕರಿಸಬೇಕು ಎಂಬಲ್ಲಿ ಎರಡು ದರ್ಶನಗಳು ಮತ್ತೆ ಬೇರೆಯಾಗುತ್ತವೆ. ಜ್ಞಾನವು ಸತ್ಯವೆಂಬುದು ಸಫಲವಾದ ಪ್ರವೃತ್ತಿಯಿಂದ, ಎಂದರೆ ಅದನ್ನು ನಂಬಿ ಮಾಡಿದ ಕೆಲಸ ಫಲಿಸುವುದರಿಂದ, ಆಮೇಲೆ ತಿಳಿಯುತ್ತದೆಂದು ನೈಯಾಯಿಕರೂ, ಬಾಧಕ, ಅಂದರೆ ಅದನ್ನು ಸುಳ್ಳೆಂದು ತೋರಿಸುವ ಇನ್ನೊಂದು ಜ್ಞಾನ, ಬರುವವರೆಗೆ ಅದು ತಾನಾಗಿಯೇ ಪ್ರಮಾಣವೆಂದು ಮೀಮಾಂಸಕರೂ ಹೇಳುತ್ತಾರೆ. ನಾಲ್ಕು ಮನೆಗಳ ಕತ್ತಲಿನ ವಿಷಯದಲ್ಲಿ ನೈಯಾಯಿಕರಂತೆ ಪರಿಶೀಲಿಸಿ ನಿರ್ಣಯಿಸಲು ಕಾಲಾವಕಾಶವಿದೆ. ಆದರೆ ಕಡಿದ 11 ಕೆ.ವಿ. ತಂತಿ ಒಣನೆಲದ ಮೇಲೋ ಕಲ್ಲಿನ ಮೇಲೋ ಬಿದ್ದಾಗ ಹರಿಯುವ ಪ್ರವಾಹ ತೀರ ಕಡಿಮೆಯಿರಬಹುದಾದ್ದರಿಂದ ಕೆಲವೊಮ್ಮೆ ಬ್ರೇಕರ್ ಬಿಡುವುದಿಲ್ಲ. ಉಪಕೇಂದ್ರದಲ್ಲಿ ಎಲ್ಲವೂ ಸರಿಯಾಗಿರುವಂತೆ ತೋರುತ್ತಿರುವಾಗಲೇ ವಿದ್ಯುತ್ ಇರುವ ತಂತಿ ದಾರಿಯಲ್ಲಿ ಬಿದ್ದಿರುತ್ತದೆ. ತಂತಿ ಬಿದ್ದಿದೆಯೆಂಬ ಒಂದೇ ಒಂದು ಕರೆ ಬಂದರೂ ಮೀಮಾಂಸಕರ ಪಕ್ಷವನ್ನೇ ಹಿಡಿದು ಮೊದಲು ಫೀಡರನ್ನು ನಿಲ್ಲಿಸಬೇಕು. ಬಿದ್ದಿಲ್ಲವೆಂದು ಲೈನ್‌ಮ್ಯಾನ್ ಸ್ಥಳದಲ್ಲಿ ಕಂಡು ಹೇಳುವುದೇ ಬಾಧಕಜ್ಞಾನ, ಅದು ಬರುವವರೆಗೆ ಇಡೀ ಹೋಬಳಿ ಕತ್ತಲಲ್ಲಿದ್ದರೂ ಸರಿಯೇ.