ಯಾರೂ ಓದದ ವರದಿಗೆ ಸತ್ಯವೇಕೆ?

ಇಂಜಿನಿಯರಿಂಗ್ ಕಾಲೇಜುಗಳ ವಿಭಾಗಗಳಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟು ಇರುತ್ತದೆ. ಅದರ ತುಂಬ ಗಟ್ಟಿ ರಟ್ಟಿನ, ಬಂಗಾರದ ಬಣ್ಣದ ಅಕ್ಷರಗಳ ಪ್ರಾಜೆಕ್ಟ್ ವರದಿಗಳು. ಮೇಲೆ ನಾಲ್ವರ ಹೆಸರು, ಅವರ ಯುಎಸ್‌ಎನ್, ಗೈಡ್ ಹೆಸರು, ವರ್ಷ. ಒಳಗೆ ಮೊದಲ ಕೆಲವು ಪುಟಗಳಲ್ಲೇ ಒಂದು ಪ್ರಮಾಣಪತ್ರ: ಇದು ಈ ವಿದ್ಯಾರ್ಥಿಗಳೇ ಮಾಡಿದ ‘ಬೋನಫೈಡ್’ ಕೆಲಸ ಎಂದು ಗೈಡ್, ವಿಭಾಗದ ಮುಖ್ಯಸ್ಥರು, ಪ್ರಾಂಶುಪಾಲರು ಸಹಿ ಹಾಕಿರುತ್ತಾರೆ. ಅದರ ಬೆನ್ನಿಗೇ ವಿದ್ಯಾರ್ಥಿಗಳ ಘೋಷಣೆ, ಅಲ್ಲಿ ನಾಲ್ಕು ಸಹಿ. ಬೋನಫೈಡ್ ಎಂಬುದು ಲ್ಯಾಟಿನ್ ಮಾತು, ‘ಒಳ್ಳೆಯ ನಂಬಿಕೆಯಿಂದ’ ಎಂದು ಅದರ ಅರ್ಥ. ವೈವಾ ಮುಗಿದ ಮೇಲೆ ಆ ಕಪಾಟಿನ ಬೀಗ ತೆಗೆಯುವವರು ಅಪರೂಪ.

ಆ ಕಪಾಟಿನೊಳಗೆ ಒಂದು ಸಂಖ್ಯೆ ಸುಳ್ಳಾಗಿದ್ದರೆ ಯಾರಿಗೆ ಏನು ನಷ್ಟ?

ಈ ಪ್ರಶ್ನೆ ನನ್ನದಲ್ಲ. ನಾನು ಸಿವಿಲ್ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತಿರುವವಳು, ಕಾಂಕ್ರೀಟ್ ನನ್ನ ವಿಷಯ. ದಿನದ ಬಹುಪಾಲು ಲ್ಯಾಬಿನಲ್ಲೇ ಕಳೆಯುವುದರಿಂದ ಕೊನೆಯ ವರ್ಷದ ಬಿಇ ಹುಡುಗ ಹುಡುಗಿಯರು ಬಂದು ಅದೂ ಇದೂ ಕೇಳುತ್ತಿರುತ್ತಾರೆ. ಹೀಗೆ ಬಂದ ಒಂದು ಬ್ಯಾಚ್ ಕಬ್ಬಿನ ಸಿಪ್ಪೆಯ ಬೂದಿಯನ್ನು ಸಿಮೆಂಟಿಗೆ ಬದಲಾಗಿ ಬಳಸಿ ನೋಡುತ್ತಿತ್ತು. ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ರಸ ಹಿಂಡಿ ಉಳಿದ ಸಿಪ್ಪೆಯನ್ನು ಬಾಯ್ಲರಿಗೆ ಉರುವಲಾಗಿ ಹಾಕುತ್ತಾರೆ, ಬೂದಿ ರಾಶಿಯಾಗಿ ಉಳಿಯುತ್ತದೆ. ಆ ಬೂದಿಯಲ್ಲಿ ಸಿಲಿಕಾ ಇದೆ. ಚೆನ್ನಾಗಿ ಸುಟ್ಟು, ನುಣ್ಣಗೆ ಅರೆದದ್ದಾದರೆ ಸಿಮೆಂಟಿನ ಜೊತೆ ಸೇರಿ ತಾನೂ ಗಟ್ಟಿಯಾಗುತ್ತದೆ. ಅರೆಬೆಂದದ್ದಾದರೆ ಅದರಲ್ಲಿ ಉಳಿದ ಇಂಗಾಲ ನೀರು ಕುಡಿದು ಕಾಂಕ್ರೀಟಿನ ಬಲ ತಗ್ಗಿಸುತ್ತದೆ. ಬೂದಿಯ ಪ್ರಮಾಣ 0, 5, 10, 15, 20 ಶೇಕಡಾ. ಪ್ರತಿಯೊಂದಕ್ಕೂ 7 ದಿನಕ್ಕೆ ಮೂರು, 28 ದಿನಕ್ಕೆ ಮೂರು ಕ್ಯೂಬ್. ಒಟ್ಟು 30. ಒಂದೊಂದೂ 150 ಮಿಲಿಮೀಟರ್ ಅಳತೆಯದು, ತೂಕ ಸುಮಾರು 8 ಕೆ.ಜಿ. ಅಂದರೆ 240 ಕೆ.ಜಿ. ಕಾಂಕ್ರೀಟನ್ನು ಕಲಸಿ, ಅಚ್ಚಿಗೆ ತುಂಬಿ, ಮರುದಿನ ಬಿಚ್ಚಿ, ನೀರಿನ ತೊಟ್ಟಿಗೆ ಇಳಿಸಬೇಕು. ಮೈಕೈ ನೋಯುವ ಕೆಲಸ.

ಆಮೇಲೆ ಕಾಯಬೇಕು. ಕಾಂಕ್ರೀಟಿಗೆ ಕಾಲೇಜಿನ ಕ್ಯಾಲೆಂಡರ್ ಗೊತ್ತಿಲ್ಲ. ವೈವಾ ಹತ್ತಿರ ಬಂತೆಂದು ಅದು 28 ದಿನದ ಬಲವನ್ನು 20 ದಿನಕ್ಕೆ ಕೊಡುವುದಿಲ್ಲ.

ಆ ಬ್ಯಾಚಿನವರು 28ನೇ ದಿನ ಕ್ಯೂಬ್ ಒಡೆದರು. 10 ಶೇಕಡಾ ಬೂದಿಯ ಮೂರು ಕ್ಯೂಬುಗಳಲ್ಲಿ ಮೊದಲನೆಯದು 600 ಕಿಲೋನ್ಯೂಟನ್ ಭಾರ ತಡೆಯಿತು, ಎರಡನೆಯದು 620. ಮೂರನೆಯದು 480ಕ್ಕೇ ಕುಸಿಯಿತು. ಭಾರವನ್ನು ಕ್ಯೂಬಿನ ಮುಖದ ವಿಸ್ತೀರ್ಣದಿಂದ ಭಾಗಿಸಿದರೆ ಪ್ರತಿ ಚದರ ಮಿಲಿಮೀಟರಿಗೆ 26.7, 27.6, 21.3 ನ್ಯೂಟನ್. ಸರಾಸರಿ 25.2. ನಮ್ಮ ದೇಶದ ಕಾಂಕ್ರೀಟ್ ಸಂಹಿತೆ ಐಎಸ್ 456 ಇಲ್ಲೊಂದು ನಿಯಮ ಹೇಳುತ್ತದೆ: ಮೂರು ಕ್ಯೂಬುಗಳ ಸರಾಸರಿಯೇ ಫಲಿತಾಂಶ, ಆದರೆ ಯಾವೊಂದೂ ಆ ಸರಾಸರಿಯಿಂದ 15 ಶೇಕಡಾಕ್ಕಿಂತ ಹೆಚ್ಚು ಆಚೀಚೆ ಇರಬಾರದು. ಇಲ್ಲಿ ಕೆಳಗಿನ ಮಿತಿ 21.4. ಬಂದದ್ದು 21.3. ಕೂದಲೆಳೆಯಷ್ಟು ಅಂತರದಲ್ಲಿ ಇಡೀ ಸಾಲು ಅನರ್ಹ. ಮತ್ತೆ ಎರಕ ಹೊಯ್ಯಲು ಇನ್ನೊಂದು 28 ದಿನ ಇರಲಿಲ್ಲ.

480ರ ಬದಲು 490 ಎಂದು ಬರೆದರೆ ಎಲ್ಲವೂ ಸರಿಹೋಗುತ್ತಿತ್ತು. ಲ್ಯಾಬಿನದು ಹಳೆಯ ಡಯಲ್ ಯಂತ್ರ. ಗರಿಷ್ಠ ಭಾರ ತೋರಿಸಿ ನಿಂತ ಮುಳ್ಳನ್ನು ಕೈಯಿಂದ ಸೊನ್ನೆಗೆ ತಂದರೆ ಮುಗಿಯಿತು, ಬೇರೆ ದಾಖಲೆ ಇಲ್ಲ. ಆಗ ಆ ಬ್ಯಾಚಿನ ಹುಡುಗಿ ನನ್ನನ್ನು ಕೇಳಿದಳು: “ಮೇಡಂ, ನಂಗೆ ಸಾಫ್ಟ್‌ವೇರ್ ಕಂಪನೀಲಿ ಪ್ಲೇಸ್‌ಮೆಂಟ್ ಆಗಿದೆ. ಈ ಕಾಂಕ್ರೀಟಲ್ಲಿ ಯಾರೂ ಮನೆ ಕಟ್ಟಲ್ಲ. ಈ ರಿಪೋರ್ಟ್ ಯಾರೂ ಓದಲ್ಲ. ಹತ್ತು ಕಿಲೋನ್ಯೂಟನ್ ಜಾಸ್ತಿ ಬರೆದ್ರೆ ಯಾರಿಗೇನಾಗುತ್ತೆ?”

ಅವಳ ಮಾತಿನಲ್ಲಿ ಕುಚೇಷ್ಟೆ ಇರಲಿಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದಳು.

ಇಂಥ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಕೊಡುವ ಉತ್ತರ ಹೆದರಿಸುವಂಥದ್ದು. ಇವತ್ತು ಲ್ಯಾಬಿನಲ್ಲಿ ಸುಳ್ಳು ಬರೆದವರು ನಾಳೆ ಸೇತುವೆಯಲ್ಲಿ ಬರೆಯುತ್ತಾರೆ, ಸೇತುವೆ ಬೀಳುತ್ತದೆ ಎನ್ನುತ್ತೇವೆ. ಈ ಉತ್ತರದ ಬಗ್ಗೆ ನನಗೆ ಸಮಾಧಾನವಿಲ್ಲ. ಪ್ರಾಜೆಕ್ಟ್ ಸೆಂಟರಿನಲ್ಲಿ ದುಡ್ಡು ಕೊಟ್ಟು ಸಿದ್ಧ ಪ್ರಾಜೆಕ್ಟ್ ತಂದವರು, ಸೀನಿಯರ್‌ಗಳ ವರದಿಗೆ ಹೊಸ ರಟ್ಟು ಹಾಕಿಸಿದವರು ಮುಂದೆ ಜವಾಬ್ದಾರಿಯಿಂದ ದುಡಿಯುವುದನ್ನು ಎಲ್ಲರೂ ನೋಡಿದ್ದೇವೆ. ಮನುಷ್ಯರು ಅಷ್ಟು ಸರಳ ರೇಖೆಯಲ್ಲಿ ಕೆಡುವುದಿಲ್ಲ. ಅಲ್ಲದೆ, ಸೇತುವೆ ಬೀಳುತ್ತದೆ ಎಂಬ ಕಾರಣಕ್ಕೆ ಮಾತ್ರ ಸುಳ್ಳು ತಪ್ಪಾದರೆ, ಬೀಳಲು ಸೇತುವೆಯೇ ಇಲ್ಲದ ಕಡೆ ಅದು ಸರಿ ಎಂದಾಗುತ್ತದೆ. ಅವಳು ಹೇಳುತ್ತಿದ್ದದ್ದೂ ಅದನ್ನೇ.

ಇನ್ನೊಂದು ತುದಿಯ ಉತ್ತರ ಕಾಂಟ್‌ನದು. 1797ರ ಒಂದು ಪ್ರಬಂಧದಲ್ಲಿ ಅವನು, ಕೊಲೆಗಾರ ಬಂದು ನಿನ್ನ ಗೆಳೆಯ ಒಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳು ಹೇಳುವಂತಿಲ್ಲ ಎಂದು ವಾದಿಸಿದ. ನಮಗೆ ಇದಕ್ಕಿಂತ ಹತ್ತಿರದ್ದು ಪುಣ್ಯಕೋಟಿ. ಹುಲಿಗೆ ಕೊಟ್ಟ ಮಾತಿಗಾಗಿ ಕರುವನ್ನು ಬಿಟ್ಟು ಹೊರಟ ಹಸುವಿನ ಕಥೆಯನ್ನು ಕೇಳಿಯೇ ನಾವು ಬೆಳೆದದ್ದು. ಆದರೆ ಪುಣ್ಯಕೋಟಿಯ ಮಾತಿಗೆ ಕಾದು ಕುಳಿತ ಹುಲಿಯೊಂದಿತ್ತು. ಆ ಸತ್ಯಕ್ಕೆ ಕೇಳುಗನಿದ್ದ, ಅವನ ಕಣ್ಣಲ್ಲಿ ನೀರೂ ಬಂತು. ಪ್ರಾಜೆಕ್ಟ್ ವರದಿಗೆ ಅಂಥ ಹುಲಿ ಎಲ್ಲಿದೆ? ಎಕ್ಸ್‌ಟರ್ನಲ್ ಪರೀಕ್ಷಕರಿಗೆ ಒಂದೇ ದಿನದಲ್ಲಿ ಹಲವು ಬ್ಯಾಚ್ ಮುಗಿಸಬೇಕು. ಅವರು ಆ ಕೋಷ್ಟಕದ ಮೇಲೆ ಕಣ್ಣಾಡಿಸುವುದು ಅರ್ಧ ನಿಮಿಷ. ಯಾರೂ ಕಾಯದಿರುವಾಗ ಮಾತು ಉಳಿಸಿಕೊಳ್ಳುವುದು ಪುಣ್ಯಕೋಟಿಯ ಸಂಕಟಕ್ಕಿಂತ ಬೇರೆಯೇ ಬಗೆಯ ಕಷ್ಟ. ಅಲ್ಲಿ ಯಾರ ಕಣ್ಣಲ್ಲೂ ನೀರು ಬರುವುದಿಲ್ಲ.

ಹಾಗೆ ನೋಡಿದರೆ ವರದಿಯನ್ನು ಯಾರೂ ಓದುವುದಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಮುಂದಿನ ವರ್ಷದ ಬ್ಯಾಚ್ ಓದುತ್ತದೆ. ಹಳೆಯ ವರದಿಯಲ್ಲಿ 10 ಶೇಕಡಾ ಬೂದಿಗೆ ಎಷ್ಟು ಬಲ ಬಂದಿತ್ತೋ ಅದೇ ಅವರ ನಿರೀಕ್ಷೆಯಾಗುತ್ತದೆ, ತಮ್ಮ ಸಂಖ್ಯೆ ಅದಕ್ಕೆ ಹೊಂದದಿದ್ದರೆ ತಮ್ಮದೇ ತಪ್ಪೆಂದು ಭಾವಿಸುತ್ತಾರೆ. ಇದು ಬಿಇ ಹುಡುಗರ ಪಾಡು ಮಾತ್ರವಲ್ಲ. ಎಲೆಕ್ಟ್ರಾನಿನ ವಿದ್ಯುದಂಶವನ್ನು ಮಿಲಿಕನ್ ಅಳೆದಾಗ ಗಾಳಿಯ ಸ್ನಿಗ್ಧತೆಗೆ ತಪ್ಪು ಬೆಲೆ ಬಳಸಿದ್ದರಿಂದ ಉತ್ತರ ತುಸು ಕಡಿಮೆ ಬಂದಿತ್ತು. ಆಮೇಲೆ ಅಳೆದವರ ಉತ್ತರಗಳು ಸರಿಯಾದ ಬೆಲೆಗೆ ಒಮ್ಮೆಲೇ ಹಾರದೆ ಮೆಲ್ಲಮೆಲ್ಲನೆ ಏರಿದವು. ಮಿಲಿಕನ್‌ಗಿಂತ ತೀರಾ ಹೆಚ್ಚು ಬಂದಾಗ ಜನ ತಮ್ಮ ಪ್ರಯೋಗದಲ್ಲಿ ದೋಷ ಹುಡುಕುತ್ತಿದ್ದರು, ಹತ್ತಿರ ಬಂದಾಗ ಅಷ್ಟಾಗಿ ಹುಡುಕುತ್ತಿರಲಿಲ್ಲ ಎಂದು ಫೈನ್‌ಮನ್ 1974ರಲ್ಲಿ ಕ್ಯಾಲ್ಟೆಕ್‌ನ ಪದವಿ ಪ್ರದಾನದ ಭಾಷಣದಲ್ಲಿ ಹೇಳಿದ.

ಆದರೂ ಇದು ಪರಿಣಾಮದ ಲೆಕ್ಕವೇ. ವರದಿಯ ಪ್ರತಿಗಳೆಲ್ಲ ಸುಟ್ಟುಹೋದವು, ಒಬ್ಬ ಜೂನಿಯರ್ ಕೂಡ ಓದುವುದಿಲ್ಲ ಎಂದುಕೊಳ್ಳೋಣ. ಆಗಲೂ 490 ಎಂದು ಬರೆಯುವುದು ತಪ್ಪೇ? ತಪ್ಪು ಎಂದೇ ನನಗೆ ತೋರುತ್ತದೆ. ಯಾಕೆಂದು ಹೇಳಲು ಯತ್ನಿಸುತ್ತೇನೆ.

ನಾವು ವರದಿ ಎಂದರೆ ಸಾಧನೆಯ ಪಟ್ಟಿ ಎಂದು ತಿಳಿದಿದ್ದೇವೆ. ಅದು ಸಾಧನೆಯ ಪಟ್ಟಿಯಲ್ಲ, ಸಾಕ್ಷಿ. ಕಟಕಟೆಯಲ್ಲಿ ನಿಂತವನನ್ನು ನಾವು ಕೇಳುವುದು ‘ಒಳ್ಳೆಯದಾಯಿತೇ’ ಎಂದಲ್ಲ, ‘ಏನು ಕಂಡೆ’ ಎಂದು. ಆ ಮುಳ್ಳು 480ರಲ್ಲಿ ನಿಂತದ್ದನ್ನು ಕಂಡವರು ಜಗತ್ತಿನಲ್ಲಿ ನಾಲ್ಕೇ ಜನ. ಅವರು ಹೇಳದಿದ್ದರೆ ಅದು ಇನ್ನು ಯಾರಿಗೂ ತಿಳಿಯುವುದಿಲ್ಲ. ಯಾರೂ ಪರಿಶೀಲಿಸಲಾರರು ಎಂಬುದರಿಂದ ಸಾಕ್ಷಿಯ ಹೊಣೆ ಹಗುರವಾಗುತ್ತದೆ ಎಂದು ಆ ಹುಡುಗಿಗೆ ಅನ್ನಿಸಿತ್ತು. ಹೊಣೆ ಪೂರ್ತಿಯಾಗಿ ಅವರ ಮೇಲೆ ಬಿದ್ದದ್ದೇ ಅದರಿಂದ. ಮರುಪರೀಕ್ಷೆ ಸಾಧ್ಯವಿರುವ ಕಡೆ ಸುಳ್ಳು ಹೇಗೂ ಸಿಕ್ಕಿಬೀಳುತ್ತದೆ. ಬೇರೆ ಸಾಕ್ಷಿಯಿಲ್ಲದ ಕಡೆ ಇರುವುದು ಮನಸ್ಸಾಕ್ಷಿ ಮಾತ್ರ. ಕನ್ನಡದಲ್ಲಿ ಆ ಪದದೊಳಗೇ ಸಾಕ್ಷಿ ಇದೆ.

ಎರಡನೆಯ ಕಾರಣ ಇನ್ನೂ ಹತ್ತಿರದ್ದು. 490 ಎಂದು ಬರೆದ ಕ್ಷಣ ‘ಯಾಕೆ’ ಎಂಬ ಪ್ರಶ್ನೆ ಸತ್ತುಹೋಗುತ್ತದೆ. ಬಿಇಯ ಅಷ್ಟೂ ಸೆಮಿಸ್ಟರುಗಳಲ್ಲಿ ವಿದ್ಯಾರ್ಥಿ ಬಿಡಿಸುವ ಲೆಕ್ಕಗಳಿಗೆಲ್ಲ ಉತ್ತರ ಪುಸ್ತಕದ ಹಿಂದಿರುತ್ತದೆ, ಇಲ್ಲವೇ ಮೇಷ್ಟರ ನೋಟ್ಸಿನಲ್ಲಿರುತ್ತದೆ. ಉತ್ತರ ಗೈಡ್‌ಗೂ ಗೊತ್ತಿಲ್ಲದ ಪ್ರಶ್ನೆ ಎದುರಾಗುವುದು ಬಹುಮಟ್ಟಿಗೆ ಈ ಪ್ರಾಜೆಕ್ಟಿನಲ್ಲೇ. ಜಗತ್ತು ಮೊದಲ ಬಾರಿ ‘ನೀನಂದುಕೊಂಡ ಹಾಗಿಲ್ಲ’ ಎನ್ನುತ್ತದೆ. ಆ ಮಾತನ್ನು ಅಳಿಸಿ ನಮಗೆ ಬೇಕಾದ್ದನ್ನು ಬರೆದುಕೊಂಡರೆ, ಅಂಕ ಬಂದೀತು, ಪ್ರಾಜೆಕ್ಟ್ ನಡೆದಂತಾಗುವುದಿಲ್ಲ. ದುಡ್ಡು ಕೊಟ್ಟು ತಂದ ಪ್ರಾಜೆಕ್ಟಿನ ದೋಷವೂ ಇದೇ. ವಿಶ್ವವಿದ್ಯಾಲಯಕ್ಕೆ ಆದ ಮೋಸ ಅಲ್ಲಿ ಸಣ್ಣದು. ಕೊಂಡವನಿಗೆ ಏನೂ ಎದುರಾಗಲಿಲ್ಲ ಎಂಬುದು ದೊಡ್ಡದು.

ಹುಡುಗಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. “ಒಡೆದ ಕ್ಯೂಬ್ ಎಲ್ಲಿದೆ, ತಗೊಂಡು ಬಾ, ನೋಡೋಣ” ಎಂದೆ. ಅವಶೇಷಗಳ ರಾಶಿಯಲ್ಲಿ ಹುಡುಕಿ ತಂದರು. ಒಂದು ಮೂಲೆಯಲ್ಲಿ ಜೇನುಗೂಡಿನಂತೆ ತೂತುಗಳು. ಕಾಂಕ್ರೀಟ್ ಸರಿಯಾಗಿ ಕುಟ್ಟಿಕೊಂಡಿರಲಿಲ್ಲ. ಆ ಅಚ್ಚು ಕೊನೆಗೆ ತುಂಬಿದ್ದು, ಅಷ್ಟರಲ್ಲಿ ಮಿಶ್ರಣ ಬಿಗಿಯಾಗುತ್ತಿತ್ತು ಎಂದು ಅವರಲ್ಲೊಬ್ಬ ನೆನಪಿಸಿಕೊಂಡ. ಬೂದಿ ಹೆಚ್ಚಾದಂತೆ ಮಿಶ್ರಣ ನೀರು ಹೆಚ್ಚು ಕೇಳುತ್ತದೆ ಎಂದು ಅವರು ಪುಸ್ತಕದಲ್ಲಿ ಓದಿದ್ದರು. ಈಗ ಅದನ್ನು ಕೈಯಲ್ಲಿ ಹಿಡಿದಿದ್ದರು.

ಐಎಸ್ 456 ಆ 15 ಶೇಕಡಾ ಜಾಗ ಬಿಟ್ಟಿರುವುದರಲ್ಲೂ ಒಂದು ವಿವೇಕವಿದೆ. ನಿಜವಾದ ವಸ್ತು ಆಚೀಚೆ ಆಗುತ್ತದೆ ಎಂದು ಅದನ್ನು ಬರೆದವರಿಗೆ ಗೊತ್ತಿತ್ತು. ಕೋಣೆಯಲ್ಲಿ ಕುಳಿತು ತುಂಬಿದ ಕೋಷ್ಟಕಗಳಲ್ಲಿ 27.1, 27.3, 27.2 ಎಂದು ಸಂಖ್ಯೆಗಳು ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿರುತ್ತವೆ. ಬೆಲ್ ಲ್ಯಾಬ್ಸ್‌ನ ಯಾನ್ ಹೆಂಡ್ರಿಕ್ ಶೋನ್ ಎಂಬ ಹೆಸರಾಂತ ಸಂಶೋಧಕ 2002ರಲ್ಲಿ ಸಿಕ್ಕಿಬಿದ್ದದ್ದು ಇಂಥದ್ದರಿಂದಲೇ. ಬೇರೆಬೇರೆ ತಾಪಮಾನದಲ್ಲಿ ನಡೆಯಿತೆಂದ ಎರಡು ಪ್ರಯೋಗಗಳ ನಕ್ಷೆಗಳಲ್ಲಿ ಸಣ್ಣಪುಟ್ಟ ಏರಿಳಿತಗಳು ಒಂದೇ ಥರ ಇದ್ದವು. ಮುಖ್ಯ ರೇಖೆಯನ್ನು ಸೃಷ್ಟಿಸಬಹುದು, ಅದರ ಮೇಲಿನ ಒರಟನ್ನು ಸೃಷ್ಟಿಸುವುದು ಕಷ್ಟ.

ಇಷ್ಟು ಹೇಳಿ ಎಲ್ಲ ಭಾರವನ್ನೂ ಹುಡುಗರ ತಲೆಗೆ ಕಟ್ಟುವುದು ಅನ್ಯಾಯ. ನಾವು ಅವರಿಂದ ಕೇಳುತ್ತಿರುವುದಾದರೂ ಏನನ್ನು? ಯುಜಿಸಿಯ 2018ರ ಕೃತಿಚೌರ್ಯ ನಿಯಮ ಹೋಲಿಕೆ 10 ಶೇಕಡಾದೊಳಗೆ ಇದ್ದರೆ ಸಣ್ಣದೆಂದು ಬಿಡುತ್ತದೆ. ಅದನ್ನು ಹಿಡಿದು ಕಾಲೇಜುಗಳು ಬಿಇ ವರದಿಗಳನ್ನೂ ಸಾಫ್ಟ್‌ವೇರಿಗೆ ಹಾಕಿ ನೋಡುತ್ತವೆ. ಆ ಸಾಫ್ಟ್‌ವೇರ್ ವಾಕ್ಯಗಳನ್ನು ಹೋಲಿಸುತ್ತದೆ, ಕ್ಯೂಬ್ ಒಡೆದಿದ್ದಾರೋ ಇಲ್ಲವೋ ಅದಕ್ಕೆ ತಿಳಿಯದು. ಈಗ ಎಐ ಬಂದ ಮೇಲೆ ಯಾರದೂ ಅಲ್ಲದ, ಯಾವುದಕ್ಕೂ ಹೋಲದ ವಾಕ್ಯಗಳು ಧಾರಾಳವಾಗಿ ಸಿಗುತ್ತವೆ. ಆದ್ದರಿಂದ ವರದಿಯಲ್ಲಿ ವಿದ್ಯಾರ್ಥಿಯದೇ ಎನ್ನಬಹುದಾದದ್ದು ಅವನು ಕಂಡ ಸಂಖ್ಯೆ ಮಾತ್ರ ಎಂಬಲ್ಲಿಗೆ ಬಂದಿದ್ದೇವೆ. ಅದನ್ನೇ ನಾವು ಪರೀಕ್ಷಿಸುವುದಿಲ್ಲ. ವೈವಾದಲ್ಲಿ ಮೊದಲ ಪ್ರಶ್ನೆ “ಸ್ಟ್ರೆಂತ್ ಜಾಸ್ತಿ ಆಯ್ತಾ?” ಇಲ್ಲ ಎಂದರೆ ಪ್ರಾಜೆಕ್ಟ್ ಸೋತಿತು ಎಂಬ ಮುಖಭಾವ. ಬೂದಿ ಹಾಕಿದಾಗ ಬಲ ಕಡಿಮೆಯಾಯಿತು ಎಂಬುದೂ ಒಂದು ತಿಳಿವಳಿಕೆ ಎಂದು ನಾವೇ ಒಪ್ಪದಿದ್ದರೆ, ಹುಡುಗರು ನಮಗೆ ಬೇಕಾದ ಸಂಖ್ಯೆ ಕೊಡುವುದರಲ್ಲಿ ಆಶ್ಚರ್ಯವೇನು?

ಆ ಬ್ಯಾಚ್ 480 ಎಂದೇ ಬರೆಯಿತು. ಸಂಹಿತೆಯ ಪ್ರಕಾರ ಈ ಸಾಲನ್ನು ಫಲಿತಾಂಶವಾಗಿ ಸ್ವೀಕರಿಸುವಂತಿಲ್ಲ ಎಂದು ಕೆಳಗೆ ಟಿಪ್ಪಣಿ ಹಾಕಿ, ತೂತು ಬಿದ್ದ ಮೂಲೆಯ ಫೋಟೋ ಅಂಟಿಸಿತು. ಕೋಷ್ಟಕದಲ್ಲಿ ಒಂದು ಮನೆ ಖಾಲಿ ಉಳಿಯಿತು. ಪರೀಕ್ಷಕರು ಖಾಲಿ ಮನೆಯನ್ನು ತೋರಿಸಿ “ಇದೇನು, ಕೆಲಸ ಪೂರ್ತಿ ಆಗಿಲ್ಲ” ಎಂದರಂತೆ. ಅಚ್ಚುಕಟ್ಟಾದ ಕೋಷ್ಟಕ ತಂದಿದ್ದ ಪಕ್ಕದ ಬ್ಯಾಚಿಗಿಂತ ಅವರಿಗೆ ಅಂಕ ಕಡಿಮೆ ಬಂತು. ಸತ್ಯ ಹೇಳಿದರೆ ಒಳ್ಳೆಯದೇ ಆಗುತ್ತದೆ ಎಂದು ನಾನು ಯಾರಿಗೂ ಹೇಳಲಾರೆ. ನಾಲ್ವರಲ್ಲಿ ಒಬ್ಬನಿಗೆ ಎಂಟೆಕ್‌ಗೆ ಆ ಅಂಕಗಳು ಬೇಕಿದ್ದವು. ಉಳಿದ ಮೂವರ ನಿರ್ಧಾರಕ್ಕೆ ಅವನೂ ಬೆಲೆ ತೆತ್ತ. ನಾಲ್ಕು ಸಹಿಗಳ ಸತ್ಯದಲ್ಲಿ ಈ ತೊಡಕೂ ಇದೆ.

ಆ ಹುಡುಗಿ ಆನರ್ಸ್‌ಗೂ ನೋಂದಾಯಿಸಿಕೊಂಡಿದ್ದಳು. ಎಐಸಿಟಿಇಯ 2018ರ ಮಾದರಿ ಪಠ್ಯಕ್ರಮದಲ್ಲಿ ಪದವಿಗೆ 160 ಕ್ರೆಡಿಟ್, ಹೆಚ್ಚಿಗೆ 20 ಗಳಿಸಿದರೆ ಆನರ್ಸ್. ಆನ್‌ಲೈನ್ ಕೋರ್ಸುಗಳಿಂದ ಅವನ್ನು ಕೂಡಿಸಬಹುದು. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಆನರ್ಸ್ ಪದವಿಯ ಕೊನೆಯ ವರ್ಷದ ಮುಖ್ಯ ಭಾಗವೇ ಪ್ರಾಜೆಕ್ಟ್. ನಮ್ಮಲ್ಲಿ ‘ಮಾನ’ ಎಂಬರ್ಥದ ಆ ಪದ ಕೋರ್ಸುಗಳ ಲೆಕ್ಕಕ್ಕೆ ಅಂಟಿಕೊಂಡಿದೆ. ಪರೀಕ್ಷಕರಾಗಿ ಹೋಗುವ ಮೇಷ್ಟರುಗಳಲ್ಲಿ ನನ್ನದೊಂದು ಕೋರಿಕೆ: ಬಲ ಎಷ್ಟು ಬಂತು ಎಂದು ಕೇಳುವ ಮೊದಲು, ನೀವಂದುಕೊಂಡ ಹಾಗೆ ಆಗದ್ದು ಯಾವುದು ಎಂದು ಕೇಳಿ. ಅದಕ್ಕೆ ಉತ್ತರವಿದ್ದ ಬ್ಯಾಚಿಗೆ, ಕೋಷ್ಟಕದ ಮನೆ ಖಾಲಿಯಿದ್ದರೂ, ಪೂರ್ತಿ ಅಂಕ ಕೊಡಿ.