ಸಭೆ ಕೊಟ್ಟ ಮಾತು

ಚೆನ್ನೈನ ಅನೇಕ ಚರ್ಚುಗಳಲ್ಲಿ ಭಾನುವಾರ ಬೆಳಿಗ್ಗೆ ಎರಡು ಆರಾಧನೆಗಳು ಒಟ್ಟೊಟ್ಟಿಗೆ ನಡೆಯುತ್ತವೆ. ಒಂದು ಮುಖ್ಯ ಕಟ್ಟಡದಲ್ಲಿ. ಅಲ್ಲಿ ಕ್ವಾಯರ್ ಇದೆ, ಮೈಕ್ ಇದೆ, ಪ್ರಸಂಗ ಇದೆ. ಇನ್ನೊಂದು ಹಿಂಬದಿಯ ಹಾಲ್‌ನಲ್ಲಿ. ಚಾಪೆಯ ಮೇಲೆ ಮೂರು-ನಾಲ್ಕು ವರ್ಷದ ಮಕ್ಕಳು, ಮೇ ತಿಂಗಳ ಸೆಕೆಗೆ ಸಾಲದ ಫ್ಯಾನು, ಅಮ್ಮನನ್ನು ಬಿಟ್ಟು ಬಂದದ್ದಕ್ಕೆ ಬಿಕ್ಕುತ್ತಿರುವ ಒಂದು ಮಗು. ಆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಟೀಚರ್ ಹತ್ತಿ ಅಂಟಿಸಿದ ರಟ್ಟಿನ ಕುರಿಯನ್ನು ಎತ್ತಿ ಹಿಡಿದು, ಕಳೆದುಹೋದ ಕುರಿಯ ಕಥೆ ಹೇಳುತ್ತಾರೆ. ಕಥೆಯಲ್ಲಿ ಕುರುಬ ಬೆಟ್ಟ ಹತ್ತುವ ಹೊತ್ತಿಗೆ ಒಬ್ಬನಿಗೆ ನೀರು ಬೇಕು, ಇನ್ನೊಬ್ಬಳಿಗೆ ಬಾತ್‌ರೂಮಿಗೆ ಹೋಗಬೇಕು. ವಾರವೆಲ್ಲ ಬ್ಯಾಂಕಿನಲ್ಲೋ ಶಾಲೆಯಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ದುಡಿದು ಬಂದವರು ಈ ಟೀಚರುಗಳು. ಸಂಬಳವಿಲ್ಲ. ಅತ್ತ ನಡೆಯುತ್ತಿರುವ ಪ್ರಸಂಗ ಗೋಡೆಯಾಚೆಯ ಗುಂಯ್‌ಗುಟ್ಟುವಿಕೆಯಾಗಿ ಮಾತ್ರ ಅವರ ಕಿವಿಗೆ ಬೀಳುತ್ತದೆ.

ಇಂಥವರನ್ನು ಸಭೆ ಸಾಮಾನ್ಯವಾಗಿ ಉಪಕಾರಿಗಳಂತೆ ಕಾಣುತ್ತದೆ. ದೊಡ್ಡವರು ನೆಮ್ಮದಿಯಾಗಿ ಆರಾಧಿಸಲೆಂದು ಮಕ್ಕಳನ್ನು ನೋಡಿಕೊಳ್ಳುವವರು, ವರ್ಷಕ್ಕೊಮ್ಮೆ ಸಂಡೆ ಸ್ಕೂಲ್ ದಿನದಂದು ಚಪ್ಪಾಳೆಗೆ ಅರ್ಹರು. ಈ ಲೆಕ್ಕವೇ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಶಿಶುವಿಗೆ ದೀಕ್ಷಾಸ್ನಾನ ಕೊಡುವ ಅನೇಕ ಸಭೆಗಳ ಆರಾಧನಾ ಕ್ರಮದಲ್ಲಿ ಹೆತ್ತವರು ಮಾತು ಕೊಟ್ಟ ಮೇಲೆ ನೆರೆದ ಸಭೆಯೂ ಮಾತು ಕೊಡುತ್ತದೆ: ಈ ಮಗು ದೇವರ ಅರಿವಿನಲ್ಲಿಯೂ ಪ್ರೀತಿಯಲ್ಲಿಯೂ ಬೆಳೆಯುವಂತೆ ನಾವು ಬದುಕುತ್ತೇವೆ ಎಂದು. ಎದ್ದು ನಿಂತು, ಬಾಯಿಬಿಟ್ಟು ಕೊಟ್ಟ ಮಾತು ಅದು. ಹಿಂಬದಿಯ ಹಾಲ್‌ನಲ್ಲಿ ಟೀಚರ್ ಪ್ರತಿ ವಾರ ತೀರಿಸುತ್ತಿರುವುದು ಆ ಮಾತಿನ ಋಣವನ್ನು. ಇನ್ನೂರು ಜನ ಒಟ್ಟಾಗಿ ಮಾಡಿದ ಸಾಲವನ್ನು ನಾಲ್ಕು ಜನ ತೀರಿಸುತ್ತಿದ್ದರೆ ಉಳಿದವರು ಅವರಿಗೆ ಚಪ್ಪಾಳೆ ತಟ್ಟಿದರೆ ಸಾಲದು, ತಮ್ಮ ಪಾಲನ್ನು ಹೊರಬೇಕು.

ಬೋಧಿಸುವವರ ದಣಿವು ಹೊಸದಲ್ಲ. ಕ್ರಿ.ಶ. 400ರ ಸುಮಾರಿಗೆ ಕಾರ್ಥೇಜಿನ ಡೀಕನ್ ದಿಯೋಗ್ರಾತಿಯಾಸ್, ಹಿಪ್ಪೋದ ಬಿಷಪ್ ಅಗಸ್ಟೀನನಿಗೆ ಪತ್ರ ಬರೆದ. ನಂಬಿಕೆಗೆ ಹೊಸದಾಗಿ ಬರುವವರಿಗೆ ಪಾಠ ಹೇಳಿ ಹೇಳಿ ತನ್ನ ಮಾತು ತನಗೇ ಸಪ್ಪೆಯಾಗಿದೆ ಎಂಬುದು ಅವನ ಅಳಲು. ಅಗಸ್ಟೀನ ಒಂದು ಪುಸ್ತಕವನ್ನೇ ಉತ್ತರವಾಗಿ ಬರೆದ. ಅದರಲ್ಲಿ ಗದರಿಕೆಯಿಲ್ಲ. ನನ್ನ ಮಾತು ನನಗೂ ಬಹುತೇಕ ಹಿಡಿಸುವುದಿಲ್ಲ ಎಂದು ಮೊದಲು ಒಪ್ಪಿಕೊಳ್ಳುತ್ತಾನೆ. ಜನ ನಿನ್ನ ಬಳಿಗೇ ಮತ್ತೆ ಮತ್ತೆ ಹೊಸಬರನ್ನು ಕರೆತರುತ್ತಿದ್ದಾರಲ್ಲ, ನಿನಗೆ ಕಂಡಷ್ಟು ಸಪ್ಪೆ ಅವರಿಗೆ ಕಂಡಿಲ್ಲ ಎಂದು ಸಮಾಧಾನ ಹೇಳುತ್ತಾನೆ. ಕೇಳುವವನು ಆಕಳಿಸಿದರೆ ಕುರ್ಚಿ ಕೊಡು ಎನ್ನುವಷ್ಟು ಸಣ್ಣ ವಿವರಕ್ಕೂ ಇಳಿಯುತ್ತಾನೆ. ಹಳೆಯದನ್ನೇ ಹೇಳುವ ಬೇಸರಕ್ಕೆ ಅವನ ಮದ್ದು ಇದು: ನಾವು ದಿನವೂ ನೋಡಿ ಮರೆತ ಊರಿನ ಚೆಂದವನ್ನು ಮೊದಲ ಸಲ ಬಂದ ಗೆಳೆಯನಿಗೆ ತೋರಿಸುವಾಗ ಅವನ ಬೆರಗು ನಮಗೂ ಅಂಟುತ್ತದೆ. ಮರೀನಾದ ಕಡಲನ್ನು ನೆಂಟರ ಮಗುವಿಗೆ ಮೊದಲ ಬಾರಿ ತೋರಿಸಿದ ಚೆನ್ನೈನವರಿಗೆ ಇದನ್ನು ವಿವರಿಸಬೇಕಿಲ್ಲ. ಅಗಸ್ಟೀನ ಬರೆದದ್ದು ಹೆಚ್ಚಾಗಿ ದೊಡ್ಡವರಿಗೆ ಬೋಧಿಸುವ ಬಗ್ಗೆ, ನಿಜ. ಆದರೆ ದಣಿದ ಬೋಧಕನನ್ನು ಒಬ್ಬ ಬಿಷಪ್ ಎಷ್ಟು ಗಂಭೀರವಾಗಿ ತೆಗೆದುಕೊಂಡ ಎಂಬುದನ್ನು ನೋಡಿ. ಅವನ ಕೆಲಸದ ಒಂದೊಂದು ಬೇಸರಕ್ಕೂ ಪ್ರತ್ಯೇಕ ಉತ್ತರ ಕೊಟ್ಟ. ಪ್ರೋತ್ಸಾಹವೆಂದರೆ ಅಷ್ಟು ಹತ್ತಿರದಿಂದ ನೋಡುವುದು.

ಹದಿನೈದನೇ ಶತಮಾನದ ಆರಂಭದಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಜಾನ್ ಗೆರ್ಸೋನ್ ಮಕ್ಕಳನ್ನು ಕ್ರಿಸ್ತನ ಬಳಿಗೆ ತರುವ ಕುರಿತು ಒಂದು ಪ್ರಬಂಧ ಬರೆದ. ಇಂಥ ವಿದ್ವಾಂಸನಿಗೆ ಚಿಕ್ಕ ಮಕ್ಕಳ ಸಹವಾಸ ತಕ್ಕದ್ದಲ್ಲ ಎಂಬ ಆಕ್ಷೇಪಕ್ಕೆ ಅದು ಅವನ ಉತ್ತರವೂ ಹೌದು. ಆ ಆಕ್ಷೇಪ ಇಂದಿಗೂ ಸತ್ತಿಲ್ಲ. ಶಿಶು ತರಗತಿ ಹೆಂಗಸರಿಗೂ ಕಾಲೇಜು ಹುಡುಗಿಯರಿಗೂ ಸಹಜವಾಗಿ ಬರುವ ಕೆಲಸ, ವೇದಶಾಸ್ತ್ರ ಬೇರೆ ಎಂದು ಭಾವಿಸುವ ಹಿರಿಯರು ಎಲ್ಲ ಸಭೆಗಳಲ್ಲೂ ಇದ್ದಾರೆ. ಸತ್ತ ಅಜ್ಜ ಎಲ್ಲಿದ್ದಾರೆ ಎಂದು ನಾಲ್ಕು ವರ್ಷದ ಮಗು ಕೇಳಿದಾಗ ಸುಳ್ಳು ಹೇಳದೆ, ಹೆದರಿಸದೆ, ಮೂರು ವಾಕ್ಯದಲ್ಲಿ ಉತ್ತರಿಸಿ ನೋಡಿ. ಅದಕ್ಕೆ ಬೇಕಾದ ವೇದಶಾಸ್ತ್ರ ಪ್ರಸಂಗಪೀಠಕ್ಕೆ ಬೇಕಾದುದಕ್ಕಿಂತ ಕಡಿಮೆಯದಲ್ಲ. ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಮಕ್ಕಳಿಗೆ ಪಾಠವನ್ನೇ ಹೇಳುವುದಿಲ್ಲ. ಅಪ್ಪಿಕೊಂಡು, ಕೈಯಿಟ್ಟು ಆಶೀರ್ವದಿಸುತ್ತಾನೆ. ಪಾಠ ಸಿಕ್ಕುವುದು ಅವರನ್ನು ತಡೆದ ಶಿಷ್ಯರಿಗೆ.

ಒಳ್ಳೆಯ ಪದ್ಧತಿಯಿದ್ದರೆ ಹೆಚ್ಚು ಜನ ಬೇಕಿಲ್ಲ ಎನ್ನುವವರಿಗೆ ಈ ಊರಿನ ಇತಿಹಾಸವೇ ಉತ್ತರ. 1789ರಲ್ಲಿ ಎಗ್ಮೋರಿನ ಅನಾಥ ಬಾಲಕರ ಆಶ್ರಮದ ಹೊಣೆ ಹೊತ್ತ ಪಾದ್ರಿ ಆಂಡ್ರ್ಯೂ ಬೆಲ್ ಅದಕ್ಕೆ ಸಂಬಳ ಬೇಡವೆಂದ. ಇಲ್ಲಿನ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡು ಅದನ್ನೇ ಅಳವಡಿಸಿ, ಎಂಟು ವರ್ಷದ ಹುಡುಗನ ಕೈಗೆ ಚಿಕ್ಕವರ ತರಗತಿ ಕೊಟ್ಟ. 1797ರಲ್ಲಿ ಈ ಬಗ್ಗೆ ಅವನ ಪುಸ್ತಕ ಹೊರಬಂತು, ‘ಮದ್ರಾಸ್ ಪದ್ಧತಿ’ ಇಂಗ್ಲೆಂಡಿನಲ್ಲೆಲ್ಲ ಹಬ್ಬಿತು. ಅಲ್ಲಿ ಅದು ಒಬ್ಬ ಮೇಷ್ಟ್ರು ನೂರಾರು ಮಕ್ಕಳನ್ನು ಅಗ್ಗದಲ್ಲಿ ಓದಿಸುವ ಯಂತ್ರವಾಯಿತು, ಬಾಯಿಪಾಠದಲ್ಲಿ ಸೊರಗಿತು. ಒಂದೂವರೆ ಶತಮಾನದ ಬಳಿಕ ಇದೇ ಊರಿನ ಅಡ್ಯಾರಿಗೆ ಮರಿಯಾ ಮಾಂಟೆಸ್ಸೊರಿ ಬಂದರು. 1939ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಅಂಗಳದಲ್ಲಿ ಶಿಕ್ಷಕರಿಗೆ ತರಬೇತಿ ಶುರುಮಾಡಿದ ಆಕೆ ಒತ್ತಿ ಹೇಳಿದ್ದು ದೊಡ್ಡವರ ತಯಾರಿಯನ್ನು: ಕಲಿಸುವ ಮೊದಲು ಮಗುವನ್ನು ಗಮನಿಸಲು ಕಲಿಯಬೇಕು. ಕ್ಯಾಥೊಲಿಕರಾಗಿದ್ದ ಆಕೆ ಚರ್ಚಿನಲ್ಲಿ ಮಗುವಿನ ಸ್ಥಾನದ ಬಗ್ಗೆಯೂ ಬರೆದಿದ್ದರು. ಆ ದಾರಿಯಲ್ಲೇ 1954ರಿಂದ ರೋಮಿನಲ್ಲಿ ಸೋಫಿಯಾ ಕವಲ್ಲೆತ್ತಿ ಮಕ್ಕಳೊಡನೆ ಕೆಲಸ ಮಾಡಿದರು. ಆರು ವರ್ಷದೊಳಗಿನ ಮಕ್ಕಳ ಮನಸ್ಸನ್ನು ಹೆಚ್ಚು ಸೆಳೆದದ್ದು ಹೆಸರು ಹಿಡಿದು ಕರೆಯುವ ಒಳ್ಳೆಯ ಕುರುಬನ ಸಾಮ್ಯ ಎಂದು ಅವರು ಕಂಡುಕೊಂಡರು. ಹೆಸರು ಹಿಡಿದು ಕರೆಯಬೇಕೆಂದರೆ ಹೆಸರು ಗೊತ್ತಿರುವ ಒಬ್ಬ ದೊಡ್ಡವರು ಅಲ್ಲಿರಬೇಕು. ಒಬ್ಬರಿಗೆ ನಲವತ್ತು ಮಕ್ಕಳನ್ನು ಒಪ್ಪಿಸಿದರೆ ಯಾವ ಪದ್ಧತಿಯೂ ಕೈಹಿಡಿಯದು.

ನಂಬಿಕೆ ಕಲಿಸುವುದು ಹೆತ್ತವರ ಕೆಲಸ, ಸಭೆಯದ್ದಲ್ಲ ಎಂಬ ಮಾತಿದೆ. ತಿಮೊಥೆಯನ ನಂಬಿಕೆಯನ್ನು ಪೌಲನು ಅವನ ಅಜ್ಜಿ ಲೋವಿ, ತಾಯಿ ಯೂನಿಕೆಯರಲ್ಲಿ ಕಾಣುತ್ತಾನೆ, ಹೌದು. ಆದರೆ ಅಜ್ಜಿ ಹುಬ್ಬಳ್ಳಿಯಲ್ಲೋ ಬಳ್ಳಾರಿಯಲ್ಲೋ ಇದ್ದು ಅಪ್ಪ-ಅಮ್ಮ ಚೆನ್ನೈನಲ್ಲಿ ಪಾಳಿಯಲ್ಲಿ ದುಡಿಯುವ ಕನ್ನಡದ ಮನೆಯ ಮಗುವಿಗೆ, ಭಾಷೆ ಬೇರೆಯಾದರೂ ಭಾನುವಾರದ ಟೀಚರೇ ಆ ಅಜ್ಜಿಯ ಜಾಗ ತುಂಬುತ್ತಾರೆ. ಇನ್ನೂ ಗಟ್ಟಿಯಾದ ಆಕ್ಷೇಪ ಚರ್ಚಿನ ಹೊರಗಿನಿಂದ ಬರುತ್ತದೆ: ಏನೂ ಅರಿಯದ ಮಗುವಿನ ಮೇಲೆ ಧರ್ಮ ಹೇರುವುದು ಸರಿಯೇ? ಯಾವ ಮನೆಯೂ ಮಗುವನ್ನು ಬರಿದಾಗಿ ಬೆಳೆಸುವುದಿಲ್ಲ, ಭಾಷೆ, ಊಟ, ಸರಿ-ತಪ್ಪುಗಳ ಜೊತೆಗೇ ಬೆಳೆಸುತ್ತದೆ ಎಂಬುದು ಅರ್ಧ ಉತ್ತರ ಮಾತ್ರ. ಉಳಿದರ್ಧ ಟೀಚರ ನಡೆಯಲ್ಲಿದೆ. ನರಕದ ಭಯ ಹುಟ್ಟಿಸಿ ಕಲಿಸಿದರೆ ಅದು ಹೇರಿಕೆಯೇ. ಅಪಾರ್ಟ್‌ಮೆಂಟಿನಲ್ಲಿ ಜೊತೆಗೆ ಆಡುವ ಹಿಂದೂ, ಮುಸ್ಲಿಂ ಗೆಳೆಯರನ್ನು ಕೀಳಾಗಿ ಕಾಣಲು ಕಲಿಸಿದರೆ ಅದು ಪಾಪ. ಪ್ರೀತಿಯನ್ನು ಮೊದಲು ಉಣಿಸಿ, ಪ್ರಶ್ನೆಗೆ ಜಾಗ ಬಿಟ್ಟರೆ ಮಗು ದೊಡ್ಡದಾದಾಗ ಒಪ್ಪುವ, ಬಿಡುವ ಸ್ವಾತಂತ್ರ್ಯ ಅದರ ಕೈಯಲ್ಲೇ ಉಳಿಯುತ್ತದೆ.

ಸೇವೆಗೆ ಪ್ರತಿಫಲ ಬಯಸಬಾರದು, ಹೊಗಳಿದರೆ ಸೇವೆ ಕೆಡುತ್ತದೆ ಎನ್ನುವವರು ಅರ್ಧ ಸತ್ಯ ಹೇಳುತ್ತಾರೆ. ಬಯಸದಿರುವುದು ಮಾಡುವವರ ಧರ್ಮ. ಅದನ್ನು ನೆಪಮಾಡಿಕೊಂಡು ಪಡೆಯುವವರು ಸುಮ್ಮನಿರುವಂತಿಲ್ಲ. ಊಟಕ್ಕೂ ಪುರಸೊತ್ತಿಲ್ಲದ ಶಿಷ್ಯರನ್ನು ಏಕಾಂತಕ್ಕೆ ಕರೆದೊಯ್ದು ದಣಿವಾರಿಸಿಕೊಳ್ಳಿ ಎಂದವನು ಯೇಸುವೇ. ಟೀಚರಿಗೂ ತಿಂಗಳಿಗೊಂದು ಭಾನುವಾರ ಬಿಡುವು ಬೇಕು, ಕುಳಿತು ಪ್ರಸಂಗ ಕೇಳಲು, ಕರ್ತನ ಭೋಜನದಲ್ಲಿ ಅವಸರವಿಲ್ಲದೆ ಪಾಲುಗೊಳ್ಳಲು. ವರ್ಷಗಟ್ಟಲೆ ಇತರರಿಗೆ ಉಣಿಸಿ ತಾನು ಉಪವಾಸವಿರುವುದನ್ನು ಭಕ್ತಿಯೆಂದು ಕರೆಯಲು ನನಗೆ ಮನಸ್ಸಿಲ್ಲ.

ಮಕ್ಕಳ ರಕ್ಷಣೆಯ ವಿಷಯದಲ್ಲಂತೂ ಸಭೆ ಸಡಿಲವಾಗುವಂತೆಯೇ ಇಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಪಾದ್ರಿಗೂ ಸಮಿತಿಗೂ ವಿನಾಯಿತಿಯಿಲ್ಲ. ಸ್ವಯಂಸೇವಕರ ಹಿನ್ನೆಲೆ ವಿಚಾರಿಸುವುದು, ತರಗತಿಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕೆನ್ನುವುದು ಪ್ರಾಮಾಣಿಕರಿಗೆ ಅವಮಾನವೆಂದು ಕೆಲವರು ನೊಂದುಕೊಳ್ಳುತ್ತಾರೆ. ಆ ನೋವು ಅರ್ಥವಾಗುತ್ತದೆ. ಆದರೂ ಮಗುವಿನ ಕ್ಷೇಮ ಟೀಚರ ಮರ್ಯಾದೆಗಿಂತ ಮುಂದಿನದು, ಮತ್ತು ಅದೇ ನಿಯಮ ಟೀಚರನ್ನೂ ಅಪವಾದದಿಂದ ಕಾಯುತ್ತದೆ. ಇಬ್ಬರು ಇರಬೇಕೆಂದರೆ ಎರಡನೆಯವರು ಬೇಕಲ್ಲ? ಜನರಿಲ್ಲದ ಸಭೆಯಲ್ಲಿ ಈ ನಿಯಮ ಕಾಗದದಲ್ಲೇ ಉಳಿಯುತ್ತದೆ.

ಆದ್ದರಿಂದ ಸಭೆಯ ಹಿರಿಯರಲ್ಲಿ ಒಂದು ಕೋರಿಕೆ. ಮುಂದಿನ ಪಾಸ್ಟರೇಟ್ ಸಮಿತಿಯಲ್ಲಿ ಶಿಶು ತರಗತಿಯ ಫ್ಯಾನು, ತರಬೇತಿ, ಬದಲಿ ಟೀಚರ ಪಟ್ಟಿ, ಈ ಮೂರನ್ನೂ ಕಾರ್ಯಸೂಚಿಯ ಮೊದಲಿಗೆ ಹಾಕಿ, ಕಟ್ಟಡ ನಿಧಿ ಆಮೇಲೆ ಬರಲಿ. ಗಂಡಸರೂ ಆ ಪಟ್ಟಿಯಲ್ಲಿರಲಿ. ದೀಕ್ಷಾಸ್ನಾನದ ದಿನ ಎದ್ದು ನಿಂತು ಮಾತು ಕೊಟ್ಟ ಓದುಗರೇ, ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಹಿಂಬದಿಯ ಹಾಲ್‌ಗೆ ಹೋಗಿ, ತಿಂಗಳಲ್ಲಿ ಯಾವ ವಾರ ಬರಲಿ ಎಂದು ಟೀಚರನ್ನು ಕೇಳಿ.